ಹಿಂದಕ್ಕೆ ಮುಖ ಮಾಡಿದ ಕುರ್ಚಿ

ಒಂದೂರಲ್ಲಿ ಒಬ್ಬ ಸಾವ್ಕಾರ ಇದ್ದ ಅಂತ ನಾನು ಶುರು ಮಾಡಿದರೆ ನೀವೆಲ್ಲ ಕಂಬಕ್ಕೆ ಒರಗಿಬಿಡುತ್ತೀರಿ. ಗೊತ್ತು ನನಗೆ. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಸಾವ್ಕಾರ ಬಂದನೆಂದರೆ ಕೊನೆಗೆ ಅವನಿಗೆ ಬುದ್ಧಿ ಬರುತ್ತದೆ, ಅಷ್ಟರೊಳಗೆ ಒಂದು ನಿದ್ದೆ ಮುಗಿಸಬಹುದು ಎಂದು ಅರ್ಧ ಸಭೆ ಕಣ್ಣು ಮುಚ್ಚುತ್ತದೆ. ಅದಕ್ಕೇ ಇವತ್ತು ಸಾವ್ಕಾರನನ್ನು ಸ್ವಲ್ಪ ಹೊತ್ತು ಬಾಗಿಲ ಹೊರಗೆ ನಿಲ್ಲಿಸೋಣ. ನಿಲ್ಲಲಿ ಬಿಡಿ. ಅವನಿಗೂ ರೂಢಿಯಾಗಬೇಕು.

ಒಂದೂರಲ್ಲಿ ಒಬ್ಬ ಹೊಲಿಗೆಯವಳು ಇದ್ದಳು. ಹೆಸರು ಕಸ್ತೂರೆವ್ವ. ಊರ ಹೆಸರು ಕೇಳಬೇಡಿ. ಹೇಳಿದರೆ ಆ ಊರಿನವರು ಮುಂದಿನ ಶ್ರಾವಣದ ಪ್ರವಚನಕ್ಕೆ ನನ್ನನ್ನು ಕರೆಯುವುದಿಲ್ಲ, ಅವರ ಹೋಳಿಗೆಯನ್ನು ಬಿಟ್ಟುಕೊಡುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ. ಹೆದ್ದಾರಿಯ ಪಕ್ಕದ ಊರು, ಮೆಣಸಿನಕಾಯಿ ವ್ಯಾಪಾರದ ಊರು ಅಂದರೆ ಸಾಕು. ಅಲ್ಲಿಯ ಘಾಟು ಎಷ್ಟೆಂದರೆ, ಸೊಳ್ಳೆಗಳು ಸೀನಿ ಸೀನಿ ಸಾಕಾಗಿ ಪಕ್ಕದ ತಾಲ್ಲೂಕಿಗೆ ವಲಸೆ ಹೋಗಿವೆ.

ಕಸ್ತೂರೆವ್ವ ಹೊಲಿಯುತ್ತಿದ್ದದ್ದು ರವಿಕೆಯಲ್ಲ, ಕಾರಿನ ಸೀಟ್ ಕವರು. ಗಂಡ ಮೋನಪ್ಪ ರೆಕ್ಸಿನ್ ಕತ್ತರಿಸಿ ಕೊಡುತ್ತಿದ್ದ, ಇವಳು ಹೊಲಿಯುತ್ತಿದ್ದಳು. ಅವಳ ಸೂಜಿ ಎಂಥದ್ದು ಅಂತೀರಿ? ಗೋಣಿಚೀಲ ಹೊಲಿಯುವ ದಬ್ಬಳ ಅದನ್ನು ಕಂಡರೆ ಎದ್ದು ನಿಂತು ಕೈ ಮುಗಿಯಬೇಕು, ಅಂಥದ್ದು. ಆ ಸೂಜಿಯಿಂದ ಇಡೀ ಜಿಲ್ಲೆಯ ಕಾರುಗಳಿಗೆ ಅಂಗಿ ತೊಡಿಸಿದ್ದಳು. ವಿಮಾನಕ್ಕೂ ತೊಡಿಸುತ್ತಿದ್ದಳು, ಅದು ಅವಳ ಅಂಗಡಿ ಮುಂದೆ ಇಳಿಯಲಿಲ್ಲ ಅಷ್ಟೆ.

ಮದುವೆಯಾಗಿ ಇಪ್ಪತ್ತೆರಡು ವರ್ಷ. ಮಕ್ಕಳಿರಲಿಲ್ಲ.

ನೋಡಿ, ಈಗ ತಾನೇ ಹೆಣ್ಣುಮಕ್ಕಳ ಸಾಲಿನಿಂದ 'ಅಯ್ಯೋ ಪಾಪ' ಅಂತ ಒಂದು ಸದ್ದು ಬಂತು. ಕೇಳಿಸಿತು ನನಗೆ. ನನ್ನ ಕಿವಿ ಎಂಥದ್ದೆಂದರೆ, ಮೂರನೇ ಓಣಿಯಲ್ಲಿ ಸಾಸಿವೆ ಸಿಡಿದರೆ ಯಾರ ಮನೆಯ ಒಗ್ಗರಣೆ ಎಂದು ಹೇಳಬಲ್ಲೆ. ಆ 'ಪಾಪ'ವನ್ನು ಹಾಗೇ ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳಿ. ಕೊನೆಗೆ ಕೇಳುತ್ತೇನೆ.

ಈ ಮಕ್ಕಳಿಲ್ಲದ ಕಸ್ತೂರೆವ್ವನಿಗೆ ಒಂದು ವಿಷಯ ಗೊತ್ತಿತ್ತು. ಎಳೆ ಕೂಸನ್ನು ಕಾರಿನಲ್ಲಿ ಹೇಗೆ ಕೂರಿಸಬೇಕು ಎಂಬುದು. ಎಷ್ಟು ತಿಂಗಳಿನ ಕೂಸಿಗೆ ಎಂಥ ಕುರ್ಚಿ, ಆ ಕುರ್ಚಿಯ ಮುಖ ಯಾವ ಕಡೆ, ಪಟ್ಟಿ ಹೆಗಲಿನ ಎಲ್ಲಿಗೆ ಬರಬೇಕು, ಎಷ್ಟು ಬಿಗಿ ಇರಬೇಕು, ಮುಂದಿನ ಸೀಟು ಯಾಕೆ ಬೇಡ. ಇಷ್ಟೂ ಅವಳ ನಾಲಿಗೆಯ ತುದಿಯಲ್ಲಿತ್ತು. ಓಣಿಯ ಹೆಂಗಸರು ಇದನ್ನು ಕೇಳಿ ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಿದ್ದರು. ಹಡೆಯದವಳಿಗೆ ಇದೆಲ್ಲ ಯಾಕೆ? ಇವಳಿಗೆ ಯಾರು ಹೇಳಿಕೊಟ್ಟರು?

ಯಾರು ಹೇಳಿಕೊಟ್ಟರು? ಅದನ್ನು ಕೇಳಿ. ಇಲ್ಲಿಯವರೆಗೆ ಸ್ವಲ್ಪ ಉಪ್ಪುಖಾರ ಹಾಕಿದ್ದೇನೆ, ಒಪ್ಪುತ್ತೇನೆ. ಈಗ ಹೇಳುವುದಕ್ಕೆ ಒಂದು ಅಕ್ಷರವನ್ನೂ ಸೇರಿಸುವುದಿಲ್ಲ.

ನಮ್ಮ ಜನ ಹೊಸ ಕಾರು ತಂದರೆಂದರೆ ಮೊದಲು ಹೋಗುವುದು ದೇವಸ್ಥಾನಕ್ಕೆ, ಎರಡನೆಯದು ಸೀಟ್ ಕವರಿನ ಅಂಗಡಿಗೆ. ಅಲ್ಲಿ ಏನು ಹೇಳುತ್ತಾರೆ? ಹಿಂದಿನ ಸೀಟಿನಲ್ಲಿ ಬೆಲ್ಟಿನ ಬಕಲುಗಳು ಮೇಲಕ್ಕೆ ಚಾಚಿಕೊಂಡಿರುತ್ತವೆ. ಕೂತರೆ ಚುಚ್ಚುತ್ತವೆ. "ಅವನ್ನ ಒಳಗ ದಬ್ಬಿ ಮ್ಯಾಲೆ ಕವರ್ ಎಳದುಬಿಡು" ಅನ್ನುತ್ತಾರೆ. ಕಸ್ತೂರೆವ್ವ ಹದಿನೈದು ವರ್ಷ ಹಾಗೇ ದಬ್ಬಿದಳು, ಹಾಗೇ ಎಳೆದಳು. ಗಿರಾಕಿ ಹೇಳಿದಂತೆ ಮಾಡುವುದು ಧರ್ಮ ಎಂದುಕೊಂಡಿದ್ದಳು.

ಒಂದು ಬೆಳಗ್ಗೆ ಮೌಲಾಸಾಬ ಎಂಬ ಕ್ರೇನಿನ ಡ್ರೈವರು ಹೆದ್ದಾರಿಯಿಂದ ಒಂದು ಗಾಡಿ ಎಳೆದು ತಂದ. ಮುಂಭಾಗ ನುಜ್ಜುಗುಜ್ಜು. ರಿಪೇರಿ ಮಾಡಿಸಿ ಮಾರುತ್ತಾರಂತೆ, ಕವರು ಬದಲಿಸಬೇಕಂತೆ. ಕಸ್ತೂರೆವ್ವ ಹಳೆಯ ಕವರು ಬಿಚ್ಚಲು ಕೂತಳು. ಕೆಂಪು ದಾರ. ಜೋಡಿ ಹೊಲಿಗೆ. ಮೂಲೆಯಲ್ಲಿ ಒಂದು ಪುಟ್ಟ ಗಂಟು. ಅವಳದೇ ಕೈ.

ಹಿಂದಿನ ಸೀಟಿನ ಕವರು ಎತ್ತಿದಳು. ಕೆಳಗೆ ಮೂರು ಬಕಲುಗಳು ಮಲಗಿದ್ದವು. ಹೊಚ್ಚ ಹೊಸವು. ಅವನ್ನು ಯಾರೂ ಒಮ್ಮೆಯೂ ಮುಟ್ಟಿರಲಿಲ್ಲ. ಮುಂದೆ, ಗಾಜಿನ ಬುಡದ ಸಂದಿಯಲ್ಲಿ ಏನೋ ಹೊಳೆಯಿತು. ಸೂಜಿಯ ತುದಿಯಿಂದ ಎತ್ತಿ ತೆಗೆದಳು. ಬೆಳ್ಳಿಯ ಕಾಲ್ಗಡಗ. ಅವಳ ಎರಡೇ ಬೆರಳು ತೂರುವಷ್ಟು ಚಿಕ್ಕದು.

"ಕೂಸು ಎಲ್ಲಿ ಕುಂತಿತ್ತು, ಕಾಕಾ?" ಎಂದು ಕೇಳಿದಳು.

"ಮುಂದ, ತಂಗೀ. ಅವ್ವನ ತೊಡಿ ಮ್ಯಾಲೆ."

"ಮತ್ತ?"

ಮೌಲಾಸಾಬ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

ಅವತ್ತು ಕಸ್ತೂರೆವ್ವನ ಮಷಿನ್ನು ಓಡಲಿಲ್ಲ. ಮೌಲಾಸಾಬನೂ ಆ ಗಾಡಿಯೇ ಕೊನೆ ಎಂದು ಕ್ರೇನ್ ಬಿಟ್ಟ. ಕಡಗವನ್ನು ಅವಳು ಆ ಮನೆಯವರಿಗೆ ಮುಟ್ಟಿಸಿದಳು. ಮಾರನೆಯ ದಿನದಿಂದ ಶುರುವಾಯಿತು ನೋಡಿ ಅವಳ ವಿದ್ಯಾಭ್ಯಾಸ.

ಪ್ರತಿ ಹೊಸ ಕಾರಿನ ಜೊತೆ ಒಂದು ದಪ್ಪ ಪುಸ್ತಕ ಬರುತ್ತದೆ. ನೀವು ಓದಿದ್ದೀರಾ? ಕೈ ಎತ್ತಿ. ಒಬ್ಬರೂ ಇಲ್ಲ! ಅದು ಮುಂದಿನ ಖಾನೆಯಲ್ಲಿ ವಿಭೂತಿ ಗಟ್ಟಿಯ ಕೆಳಗೆ, ಕೊಬ್ಬರಿ ಚೂರಿನ ಜೊತೆಗೆ, ಸಮಾಧಿ ಸ್ಥಿತಿಯಲ್ಲಿ ಇರುತ್ತದೆ. ಕಸ್ತೂರೆವ್ವ ಏಳನೇ ಇಯತ್ತೆ ಓದಿದವಳು, ಇಂಗ್ಲಿಷು ಬಾರದು. ಅದಕ್ಕೊಂದು ಉಪಾಯ ಮಾಡಿದಳು. ಕವರು ಹಾಕಿಸಲು ಬಂದವರು ಎರಡು ತಾಸು ಸುಮ್ಮನೆ ಕೂತಿರುತ್ತಾರಲ್ಲ, ಅವರ ಕೈಗೇ ಅವರ ಪುಸ್ತಕ ಕೊಟ್ಟು "ಕೂಸಿನ ಚಿತ್ರ ಇರೋ ಹಾಳಿ ಓದಿ ಅರ್ಥ ಹೇಳ್ರಿ, ಅಲ್ಲೀತನ ಮಷಿನ್ ಓಡಂಗಿಲ್ಲ" ಅಂದಳು. ಡಾಕ್ಟರು ಓದಿದರು. ವಕೀಲರು ಓದಿದರು. ಇನ್‌ಸ್ಪೆಕ್ಟರು ಕೂಡ ಟೋಪಿ ತೆಗೆದಿಟ್ಟು ಶಾಲೆಯ ಹುಡುಗನ ಹಾಗೆ ಓದಿದರು. ಏಳು ವರ್ಷದಲ್ಲಿ ಅವಳು ಕೇಳಿಸಿಕೊಂಡದ್ದು ಒಂದು ಸಾವಿರದ ಎಂಟು ಪುಸ್ತಕ. ಆಯಿತು, ಅಷ್ಟು ಇರಲಿಕ್ಕಿಲ್ಲ. ಅರವತ್ತಕ್ಕಂತೂ ಕಡಿಮೆ ಇಲ್ಲ.

ಹುಬ್ಬಳ್ಳಿಯಿಂದ ಒಂದು ಹೊಸ ಕೂಸಿನ ಕುರ್ಚಿಯನ್ನೂ ತರಿಸಿದಳು. ಮದುವೆಗೆ ಹಂಡೆ ಕೊಳಗ ಎರವಲು ಕೊಡುವುದಿಲ್ಲವೇ, ಹಾಗೆ. "ಬಾಣಂತಿಯರಿಗೆ ಪುಕ್ಕಟೆ. ಒಯ್ದು ವಾಪಸು ಕೊಡಿ" ಎಂದು ಹಲಗೆ ಬರೆಸಿ ತೂಗುಹಾಕಿದಳು.

ಎಷ್ಟು ಜನ ಒಯ್ದರು? ಒಬ್ಬರೂ ಇಲ್ಲ. ಆ ಊರಿನಲ್ಲಿ ಒಂದು ಪದ್ಧತಿ. ಕೂಸಿಗೆ ತೊಟ್ಟಿಲನ್ನು ಎರವಲು ತರುವುದಾದರೆ ಮಕ್ಕಳೊಂದಿಗರ ಮನೆಯಿಂದಲೇ ತರಬೇಕು. ಮಕ್ಕಳಿಲ್ಲದ ಮನೆಯ ಕುರ್ಚಿ ಯಾರಿಗೆ ಬೇಕು? ಎರಡು ವರ್ಷ ಅದು ಪ್ಲಾಸ್ಟಿಕ್ ಹೊದ್ದು ಅಟ್ಟದ ಮೇಲೆ ಕೂತಿತ್ತು. ಅಮಾವಾಸ್ಯೆಗೊಮ್ಮೆ ಅವಳು ಇಳಿಸಿ ಒರೆಸಿ ಮತ್ತೆ ಏರಿಸುತ್ತಿದ್ದಳು.

ಈಗ ಸಾವ್ಕಾರನನ್ನು ಒಳಗೆ ಕರೆಯೋಣ. ಪಾಪ, ಕಾಲು ಬಾತಿರಬೇಕು.

ಸಾವ್ಕಾರನ ಮನೆ ಕಸ್ತೂರೆವ್ವನ ಅಂಗಡಿಯ ಎದುರಿಗೇ. ಹುಟ್ಟಾ ಸಾವ್ಕಾರನಲ್ಲ ಅವನು. ಮಾರುಕಟ್ಟೆ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಮೇಲೆ ಬಂದವನು. ಅವನ ತೋಳು ಹೇಗಿದ್ದವೆಂದರೆ, ಅಂಗಿ ಹೊಲಿಯುವವನು ತೋಳಿಗೆ ಬೇರೆ, ಮೈಗೆ ಬೇರೆ ಬಟ್ಟೆ ಕೇಳುತ್ತಿದ್ದ. ಮಗಳು ಮೊದಲ ಬಾಣಂತನಕ್ಕೆ ಬಂದು ಐದು ತಿಂಗಳು. ಹೆಣ್ಣು ಕೂಸು, ಕೆನ್ನೆ ಎರಡೂ ಬೂಂದಿ ಲಾಡು. ತಾಯಿ ಮಗುವನ್ನು ಗಂಡನ ಮನೆಗೆ ಕಳಿಸಲೆಂದೇ ಹೊಸ ಕಾರು ತಂದ. ಕವರಿಗೆಂದು ಕಸ್ತೂರೆವ್ವನ ಅಂಗಡಿ ಮುಂದೆ ನಿಲ್ಲಿಸಿದ. ಅವನ ಡ್ರೈವರು ಯಾರು ಅಂತೀರಿ? ಅದೇ ಮೌಲಾಸಾಬ.

"ಬಕಲ್ ಒಳಗ ದಬ್ಬು, ಕಸ್ತೂರೆವ್ವ. ಹೊಸ ಸೀಟಿಗೆ ತೂತು ಗೀತು ಹೊಡದೀ ಮತ್ತ!"

"ತೂತಿಲ್ಲದ ಕವರ್ ನಾ ಹೊಲಿಯಂಗಿಲ್ರೀ, ಸಾವ್ಕಾರ್ರ."

"ಹೇಳಿದಷ್ಟು ಮಾಡು."

ಅವಳು ಮಾಡಿದಳು. ಆದರೆ ಬಕಲು ಬರುವ ಜಾಗಕ್ಕೆ ಸೀಳು ಬಿಟ್ಟು, ಅದರ ಮೇಲೊಂದು ರೆಕ್ಸಿನ್ನಿನ ಮುಚ್ಚಳ ಹೊಲಿದು, ಹೊರಗೆ ಕಾಣದಂತೆ ಮಾಡಿದಳು. ಸಾವ್ಕಾರ ಸವರಿ ನೋಡಿದ. ನುಣ್ಣಗಿತ್ತು. ಖುಷಿಯಿಂದ ಹೋದ.

ಕಳಿಸುವ ದಿನ ಬಂತು. ಬೆಳಗಿನ ಒಂಬತ್ತು ಗಂಟೆ. ಬಾಗಿಲಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಕೂಸಿಗೆ ಕುಲಾವಿ, ಕೆನ್ನೆಗೆ ಕಾಡಿಗೆಯ ಬೊಟ್ಟು, ಕಾಲಿಗೆ ಬೆಳ್ಳಿಯ ಕಡಗ. ಆ ಕಡಗ ಎದುರಿನ ಅಂಗಡಿಯಿಂದ ಕಸ್ತೂರೆವ್ವನ ಕಣ್ಣಿಗೆ ಬಿತ್ತು. ಅಟ್ಟದ ಮೇಲಿನ ಕುರ್ಚಿ ಇಳಿಸಿದಳು.

"ಬ್ಯಾಡ ಬಿಡ," ಅಂದ ಮೋನಪ್ಪ. "ಅಷ್ಟು ಮಂದ್ಯಾಗ ಏನರ ಅಂದುಗಿಂದಾರು. ಕೂಸು ಅವರ್ದು."

"ಕೂಸು ಅವರ್ದು. ಹೊಲಿಗಿ ನಂದು," ಅಂದಳು ಕಸ್ತೂರೆವ್ವ.

ಕುರ್ಚಿಯನ್ನು ಎದೆಗೆ ಅವಚಿಕೊಂಡು ರಸ್ತೆ ದಾಟಿದಳು. ಸಾವ್ಕಾರನ ಹೆಂಡತಿ ಆರತಿ ತಟ್ಟೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದಳು.

"ಅವ್ವಾರ, ಕೂಸಿಗೆ ಕುರ್ಚಿ ತಂದೇನಿ. ಊರು ಮುಟ್ಟಿದ ಮ್ಯಾಲೆ ಮೌಲಾ ಕಾಕಾನ ಕೂಡ ವಾಪಸ್ ಕಳಸ್ರಿ."

"ಇದೇನವಾ ಇದು, ಕ್ಷೌರದಂಗಡಿ ಕುರ್ಚಿ ಮರಿ ಹಾಕಿದಂಗೈತಿ!" ಅಂದಳು ಒಬ್ಬಳು. ಎಲ್ಲರೂ ನಕ್ಕರು. ಕಸ್ತೂರೆವ್ವನೂ ನಕ್ಕಳು.

"ಹಿಂದಿನ ಸೀಟಿನ್ಯಾಗ ಕಟ್ಟತೇನ್ರಿ. ಕೂಸು ಮಾರಿ ಹಿಂದಕ್ಕ ಮಾಡಿ ಕುಂದ್ರತೈತಿ."

ಸಾವ್ಕಾರನ ಹೆಂಡತಿಗೆ ಅದು ಸರಿಬರಲಿಲ್ಲ. "ಹಿಂದಕ್ಕ? ಮೊದಲ್ನೇ ಸಲ ಅಪ್ಪನ ಮನಿಗೆ ಹೊಂಟ ಕೂಸು ಆ ಮನಿಗೆ ಬೆನ್ನು ಮಾಡಿ ಹೋಗೂದೇನ? ಶಕುನ ಗಿಕುನ ಏನೂ ಇಲ್ಲೇನು ನಿನಗ?"

"ಕುತ್ತಿಗಿ ಇನ್ನೂ ಹಸೀದೈತ್ರಿ, ಅವ್ವಾರ. ಗಾಡಿ ಗಕ್ಕನ ನಿಂತ್ರ ತಲಿ ತಡಿಯಂಗಿಲ್ಲ. ಮಾರಿ ಹಿಂದಕ್ಕಿದ್ರ ತಲಿ, ಬೆನ್ನು ಎರಡಕ್ಕೂ ಕುರ್ಚಿ ಆಸರ ಆಗತೈತಿ. ಹೊಟ್ಟ್ಯಾಗಿದ್ದಾಗೂ ಕೂಸು ಬಹಳಮಟ್ಟಿಗೆ ಹಂಗ ಇರತೈತೆಲ್ಲ್ರೀ, ಅವ್ವನ ಬೆನ್ನಿನ ಕಡೆ ಮಾರಿ ಮಾಡಿ..."

"ಹೊಟ್ಟ್ಯಾಗಿನ ಸುದ್ದಿ ನೀ ನನಗ ಹೇಳತೀಯೇನ?" ಸಾವ್ಕಾರನ ಹೆಂಡತಿಯ ದನಿ ಏರಿತು. "ಮೂರು ಹಡದೇನಿ ನಾ. ನೀ ಎಷ್ಟು ಹಡದಿ?"

ಯಾರೂ ನಗಲಿಲ್ಲ.

ಕಸ್ತೂರೆವ್ವ ಕುರ್ಚಿಯನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು. ಅದರ ಪಟ್ಟಿಯೊಂದು ತಿರುಚಿಕೊಂಡಿತ್ತು. ಬೆರಳಿನಿಂದ ಅದನ್ನು ನೇರ ಮಾಡಿದಳು. ಆ ಪ್ರಶ್ನೆ ಅವಳಿಗೆ ಹೊಸದಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಕಣ್ಣಿನಿಂದ ಕೇಳಿದವರಿದ್ದರು, ಆರತಿ ತಟ್ಟೆ ಸರಿಸಿ ಕೇಳಿದವರಿದ್ದರು. ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರೆ ಸಾಕು ಅನ್ನಿಸಿತು. ಆದರೆ ಅತ್ತು ಮುಗಿಸಿ ಹೊರಗೆ ಬರುವಷ್ಟರಲ್ಲಿ ಗಾಡಿ ಹೆದ್ದಾರಿ ಸೇರಿರುತ್ತದೆ. ಅಳು ಸಂಜೆಗೂ ಸಿಗುತ್ತದೆ.

ಸಾವ್ಕಾರ ಮುಂದೆ ಬಂದ. ಅವನು ಕೆಟ್ಟವನಲ್ಲ, ನೋಡಿ. ಹೆಂಡತಿಯ ಮಾತಿಗೆ ಅವನಿಗೂ ಮುಜುಗರವಾಗಿತ್ತು. ಸಮಾಧಾನ ಮಾಡುವ ದನಿಯಲ್ಲಿ ಹೇಳಿದ: "ಚಿಂತಿ ಬಿಡು, ಕಸ್ತೂರೆವ್ವ. ಮುಂದ ಕುಂತು ಮೊಮ್ಮಗಳನ್ನ ನಾನ ಹಿಡಕೋತೇನಿ. ಈ ಕೈ ನೋಡು. ನೂರು ಕಿಲೋ ಚೀಲ ಎತ್ತಿದ ಕೈ. ಆರು ಕಿಲೋ ಕೂಸು ಜಾರತೈತೇನು?"

ಕಸ್ತೂರೆವ್ವ ಆ ಕೈಗಳನ್ನು ನೋಡಿದಳು. ಆಮೇಲೆ ಬಾಗಿಲ ಬಳಿ ಇಟ್ಟಿದ್ದ ಬೂದುಗುಂಬಳಕಾಯಿಯನ್ನು ನೋಡಿದಳು.

ಹೊಸ ಗಾಡಿಯ ದೃಷ್ಟಿ ತೆಗೆಯಲು ತಂದ ಕುಂಬಳ ಅದು. ಮೇಲೆ ಚೌಕವಾಗಿ ಕೊಯ್ದು, ಒಳಗೆ ಕುಂಕುಮದ ನೀರು ತುಂಬಿ, ಕೊಯ್ದ ತುಂಡನ್ನೇ ಮುಚ್ಚಿ ಇಟ್ಟಿದ್ದರು. ಮನೆಯವರ ಪೈಕಿ ಸಾವ್ಕಾರ ಒಬ್ಬನೇ ಗಾಡಿಯಲ್ಲಿ ಹೋಗಿ, ಮೂರು ದಾರಿ ಕೂಡುವಲ್ಲಿ ಅದನ್ನು ಒಡೆದು ಬರಬೇಕು. ಆಮೇಲೆ ತಾಯಿ ಮಗು ಹತ್ತಬೇಕು. ಅದು ಆ ಮನೆಯ ಕ್ರಮ. ತೂಕದಲ್ಲಿ ಕುಂಬಳವೂ ಆರು ಕಿಲೋ ಇದ್ದೀತು. ಹೊಲಿಗೆಯವರ ಕಣ್ಣು, ತಪ್ಪುವುದಿಲ್ಲ.

ಅವಳು ಹೊರಳಿ ಗಾಡಿಯ ಬಳಿ ಹೋದಳು. ಸ್ಟೇರಿಂಗ್ ಹಿಂದೆ ಮೌಲಾಸಾಬ ಕೂತಿದ್ದ. ಕಿಟಕಿಗೆ ಬಗ್ಗಿ ಎರಡೇ ಮಾತು ಹೇಳಿದಳು.

ಮೌಲಾಸಾಬ ಅವಳ ಮುಖ ನೋಡಿದ. "ನೌಕರಿ ಹೋಗತೈತವಾ," ಅಂದ.

"ಕಡಗ ನೋಡು, ಕಾಕಾ. ಕೂಸಿನ ಕಾಲಾಗಿನ ಕಡಗ ನೋಡು."

ಅವನು ನೋಡಿದ. ಟೋಪಿಯನ್ನು ಸರಿಪಡಿಸಿಕೊಂಡ.

ಸಾವ್ಕಾರ ಕುಂಬಳ ಎತ್ತಿಕೊಂಡು ಮುಂದೆ ಹತ್ತಿ, ತೊಡೆಯ ಮೇಲಿಟ್ಟು, ಎರಡೂ ತೋಳು ಬಳಸಿ ಹಿಡಿದ. ಮೌಲಾಸಾಬ ಹೇಳಿದ, "ಸರ್ಕಲ್‌ನ್ಯಾಗ ಪೊಲೀಸ್ರು ಇರತಾರ್ರೀ, ಬೆಲ್ಟ್ ಹಾಕ್ಕೊಳ್ರಿ." ಪೊಲೀಸರು ಎಂದರೆ ನಮ್ಮವರು ಮುಂದಿನ ಬೆಲ್ಟು ಹಾಕುತ್ತಾರೆ. ಪ್ರಾಣಕ್ಕೆ ಹೆದರಿ ಹಾಕುವುದಿಲ್ಲ! ಸಾವ್ಕಾರ ಬೆಲ್ಟು ಹಾಕಿಕೊಂಡ. ಗಾಡಿ ಹೊರಟಿತು. ಬೇವಿನ ಮರದ ತನಕ ಹೋಗಿರಬೇಕು. ವೇಗ ಎಷ್ಟು? ಬಹಳ ಅಂದರೆ ಮೂವತ್ತು. ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಮೌಲಾಸಾಬ ಬ್ರೇಕಿನ ಮೇಲೆ ನಿಂತುಬಿಟ್ಟ.

ಸದ್ದು ಕೇಳಿದರೆ ಬೆಟ್ಟ ಬಿದ್ದಂತಿತ್ತು ಅಂತ ನಾನು ಹೇಳುವವನು. ಆದರೆ ಹಾಗಿರಲಿಲ್ಲ. 'ಪಚಕ್' ಎಂದಿತು, ಅಷ್ಟೇ. ಅದೇ ಹೆಚ್ಚು ಭಯಂಕರ.

ಮುಂದಿನ ಗಾಜಿಗೆಲ್ಲ ಕೆಂಪು ರಾಚಿತು. ಹೆಂಗಸರು ಕಿರುಚಿದರು. ಸಾವ್ಕಾರನ ಹೆಂಡತಿ ತಟ್ಟೆ ಬಿಟ್ಟು ಓಡಿದಳು. ಬಾಗಿಲು ತೆರೆದು ನೋಡಿದರೆ ಸಾವ್ಕಾರ ಕೂತಲ್ಲೇ ಇದ್ದ. ಬೆಲ್ಟು ಅವನನ್ನು ಸೀಟಿಗೆ ಒತ್ತಿ ಹಿಡಿದಿತ್ತು. ಮೀಸೆಯ ಮೇಲೆ ಕುಂಬಳದ ಬೀಜ, ಅಂಗಿಯ ಮೇಲೆ ಕುಂಕುಮ. ತೋಳುಗಳು ಮಾತ್ರ ಇನ್ನೂ ಗುಂಡಗೆ, ಏನನ್ನೋ ಬಳಸಿ ಹಿಡಿದ ಹಾಗೇ ಇದ್ದವು. ನಡುವೆ ಏನೂ ಇರಲಿಲ್ಲ. ಕುಂಬಳ ಎದುರಿನ ಡ್ಯಾಶ್‌ಬೋರ್ಡಿನ ಮೇಲೆ ನಾಲ್ಕು ಹೋಳಾಗಿ ಬಿದ್ದಿತ್ತು.

"ಏ ಮೌಲಾ! ಕಣ್ಣು ಹೋದ್ವೇನು? ಏನು ಅಡ್ಡ ಬಂತು?"

"ಏನೂ ಬರಲಿಲ್ರೀ. ನಾನ ಹಾಕಿದೆ."

"ಬೇಕಂತನ ಹಾಕಿದ್ಯಾ?"

"ಹೂಂ ರೀ. ಕುಂಬಳಕಾಯಿ ಇತ್ತಂತ ಹಾಕಿದೆ. ಕೂಸಿದ್ರ ಹಾಕತಿದ್ದಿಲ್ಲ." ಮೌಲಾಸಾಬ ಟೋಪಿ ತೆಗೆದು ತೊಡೆಯ ಮೇಲಿಟ್ಟ. "ಆದ್ರ ಹೆದ್ದಾರಿಗೆ ಅದು ಗೊತ್ತಾಗೂದಿಲ್ರೀ, ಸಾವ್ಕಾರ್ರ."

ಸಾವ್ಕಾರ ಬೈಯಲು ಬಾಯಿ ತೆರೆದವನು ತನ್ನ ಕೈಗಳನ್ನು ನೋಡಿದ. ರಸ್ತೆಯಲ್ಲಿ ಕಸ್ತೂರೆವ್ವ ನಿಂತಿದ್ದಳು. ಅವಳಿಗೆ ಹೇಳಿದ, "ನಾ ಗಟ್ಟಿ ಹಿಡದಿದ್ದೆ. ಖರೇನ ಗಟ್ಟಿ ಹಿಡದಿದ್ದೆ."

"ಗೊತ್ತೈತ್ರಿ," ಅಂದಳು ಕಸ್ತೂರೆವ್ವ. "ಆ ಕೂಸಿನ ಅವ್ವನೂ ಗಟ್ಟಿ ಹಿಡದಿದ್ಲು."

ಯಾವ ಕೂಸು ಎಂದು ಸಾವ್ಕಾರ ಕೇಳಿದ. ಅವಳು ಹೇಳಿದಳು. ಕೆಂಪು ದಾರ, ಮಲಗಿದ್ದ ಬಕಲು, ಸೂಜಿಯ ತುದಿಗೆ ಸಿಕ್ಕ ಕಡಗ. ತನ್ನ ಕೈಯ ತಪ್ಪನ್ನೂ ಮುಚ್ಚಲಿಲ್ಲ. ನಡುಬೀದಿಯಲ್ಲಿ, ಎಲ್ಲರ ಮುಂದೆ ಹೇಳಿದಳು.

ಆಗ ಬಾಣಂತಿ ಮಗಳು ಕೂಸನ್ನು ಎದೆಗೊತ್ತಿಕೊಂಡು ಮುಂದೆ ಬಂದಳು. "ಚಿಗವ್ವಾ, ಕುರ್ಚಿ ಕಟ್ಟು ಬಾ."

"ಅಲ್ಲಬೇ ಮಗಳ, ಆ ಮನಿ ಕುರ್ಚಿ..." ಅಂದಳು ತಾಯಿ.

"ಯವ್ವಾ, ನೀ ಮೂರು ಹಡದಿ. ಈ ಗಾಡ್ಯಾಗ ಹಿಂದಿನ ಬಕಲ್ ಎಲ್ಲೈತಿ, ತೋರಸು ನೋಡೋಣ."

ತಾಯಿ ಹಿಂದಿನ ಸೀಟಿನತ್ತ ನೋಡಿದಳು. ನುಣ್ಣನೆಯ ರೆಕ್ಸಿನ್ನು. ಎಲ್ಲಿದೆ ಬಕಲು? ಗೊತ್ತಿಲ್ಲ. ಸಾವ್ಕಾರನಿಗೂ ಗೊತ್ತಿಲ್ಲ. ನೆರೆದ ಹೆಂಗಸರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಕಸ್ತೂರೆವ್ವ ಒಳಗೆ ಬಗ್ಗಿ, ಉಗುರಿನಿಂದ ಮುಚ್ಚಳ ಎತ್ತಿ, ಬಕಲನ್ನು ಹೊರಗೆ ಎಳೆದಳು.

"ಬ್ಯಾಡ ಅಂದ್ರೂ ತೂತು ಇಟ್ಟೀಯಲ್ಲ?" ಅಂದ ಸಾವ್ಕಾರ.

"ಹೂಂ ರೀ. ಬೈಸಕೊಳ್ಳಾಕ ತಯಾರಾಗೇ ಇಟ್ಟೇನಿ."

ಕುರ್ಚಿಯನ್ನು ಹಿಂದಕ್ಕೆ ಮುಖ ಮಾಡಿ ಇಟ್ಟಳು. ಬೆಲ್ಟು ತೂರಿಸಿ, ಕೈಯಿಂದ ಒತ್ತಿ, ಎಳೆದು ಬಿಗಿ ಮಾಡಿದಳು. ಹಿಡಿದು ಅಲ್ಲಾಡಿಸಿ ನೋಡಿದಳು, ಕದಲಲಿಲ್ಲ. "ಕೌದಿ ಸುತ್ತಿ ಕುಂದ್ರಸಬ್ಯಾಡ್ರಿ. ಮೊದಲು ಪಟ್ಟಿ, ಅದರ ಮ್ಯಾಲೆ ಕೌದಿ. ಪಟ್ಟಿ ಹೆಗಲ ಮ್ಯಾಲೆ ಚಿವುಟಿ ನೋಡ್ರಿ, ಬೆರಳಿಗೆ ಮಡಿಕಿ ಸಿಕ್ಕರ ಸಡಲ ಐತಿ ಅಂತ ಅರ್ಥ." ಹೇಳುತ್ತ ಹೇಳುತ್ತ ಹಿಂದಕ್ಕೆ ಹೊರಳಿದಳು. ಮಗಳು ಕೂಸನ್ನು ಚಾಚಿ ನಿಂತಿದ್ದಳು. ಅವಳ ಕಡೆಗೆ.

ಆ ಓಣಿಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ತೊಟ್ಟಿಲು ಕಟ್ಟಿರಬೇಕು? ಎಷ್ಟು ಕೂಸುಗಳಿಗೆ ಹೆಸರಿಟ್ಟಿರಬೇಕು? ಒಬ್ಬರೂ, ಒಬ್ಬರೆಂದರೆ ಒಬ್ಬರೂ, ಕಸ್ತೂರೆವ್ವನ ಕೈಗೆ ಕೂಸು ಕೊಟ್ಟಿರಲಿಲ್ಲ. ಕತ್ತಿನ ಹಿಂದೆ ಅಂಗೈ ಕೊಡಬೇಕು ಎಂದು ಪುಸ್ತಕದಲ್ಲಿ ಕೇಳಿದ್ದಳು. ಕೊಟ್ಟಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು ಎಲ್ಲಿ ತರಚುವವೋ ಎಂದು ಹೆದರಿದಳು. ಕೂಸು ಹೆದರಲಿಲ್ಲ. ಅವಳ ಕೊರಳಲ್ಲಿ ಜೋತಾಡುತ್ತಿದ್ದ ಅಳತೆಯ ಟೇಪನ್ನು ಹಿಡಿದು ಬಾಯಿಗಿಟ್ಟುಕೊಂಡಿತು. ಕಸ್ತೂರೆವ್ವ ಅದನ್ನು ಬಿಡಿಸಲಿಲ್ಲ. ಟೇಪನ್ನೇ ಕೊರಳಿನಿಂದ ತೆಗೆದು ಕೂಸಿನ ಕೈಯಲ್ಲಿ ಬಿಟ್ಟು, ಕುರ್ಚಿಯಲ್ಲಿ ಕೂರಿಸಿ, ಪಟ್ಟಿ ಹಾಕಿದಳು. 'ಟಕ್' ಎಂದಿತು. ಆಮೇಲೆ ಟೇಪು ಕೂಸಿನ ಕೊರಳಿಗೆ ಸುತ್ತಿಕೊಳ್ಳಬಾರದೆಂದು ನಿಧಾನವಾಗಿ ಬಿಡಿಸಿ, ಬದಲಿಗೆ ತನ್ನ ಬೆರಳು ಕೊಟ್ಟಳು.

ಸಾವ್ಕಾರನ ಹೆಂಡತಿ ಪಕ್ಕಕ್ಕೆ ಬಂದು ನಿಂತಳು. ತಪ್ಪಾಯಿತು ಎನ್ನಲಿಲ್ಲ. ದನಿ ತಗ್ಗಿಸಿ ಕೇಳಿದಳು, "ಕಸ್ತೂರೆವ್ವಾ, ಆ ಚಿವುಟೋದು ಇನ್ನೊಮ್ಮಿ ತೋರಸು. ದಾರ್ಯಾಗ ನಾ ನೋಡಬೇಕಲ್ಲ." ಅದನ್ನು ಕ್ಷಮೆ ಎನ್ನುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು. ಕಸ್ತೂರೆವ್ವ ಅವಳ ಕೈ ಹಿಡಿದು ತೋರಿಸಿದಳು.

ಈಗ ನೀವು ಕಾಯುತ್ತಿದ್ದೀರಿ. ಮುಂದೆ ಹೆದ್ದಾರಿಯಲ್ಲಿ ಲಾರಿ ಬಂತು, ಗಾಡಿ ಮೂರು ಪಲ್ಟಿ ಹೊಡೆಯಿತು, ಕೂಸು ಮಾತ್ರ ನಗುತ್ತಿತ್ತು ಎಂದು ನಾನು ಹೇಳಬೇಕು. ಬಿಟ್ಟರೆ ಏಳು ಪಲ್ಟಿ ಹೊಡೆಸುತ್ತೇನೆ! ಆದರೆ ಏನೂ ಆಗಲಿಲ್ಲ. ಗಾಡಿ ಊರು ಮುಟ್ಟಿತು. ಕೂಸು ದಾರಿಯುದ್ದಕ್ಕೂ ನಿದ್ದೆ ಮಾಡಿತು. ಮೌಲಾಸಾಬನ ನೌಕರಿ ಉಳಿಯಿತು. ಕುರ್ಚಿ ವಾಪಸು ಬಂತು. ಏನೂ ಆಗದಿರಲಿ ಎಂದೇ ಅಲ್ಲವೇ ಆ ತಾಯಿ ಏಳು ವರ್ಷ ಓದಿದ್ದು?

ತಾಯಿ ಅಂದೆ. ಕೇಳಿಸಿತೇ?

ಈಗ ನನ್ನ ಕಡೆ ನೋಡಿ. ಈ ಕಾವಿ ಬಟ್ಟೆಯವನಿಗೆ ಎಷ್ಟು ಮಕ್ಕಳು? ಒಂದೂ ಇಲ್ಲ. ನಾನು ತೊಟ್ಟಿಲು ತೂಗಿಲ್ಲ, ಸಂಸಾರದ ಹೊಸ್ತಿಲು ದಾಟಿಲ್ಲ. ಆದರೂ ನಲವತ್ತು ವರ್ಷದಿಂದ ಮಕ್ಕಳನ್ನು ಹೀಗೆ ಬೆಳೆಸಿ, ಸೊಸೆಯನ್ನು ಹಾಗೆ ನೋಡಿಕೊಳ್ಳಿ ಎಂದು ನಿಮಗೆ ಹೇಳುತ್ತಿದ್ದೇನೆ. ನೀವು ತಲೆದೂಗುತ್ತಿದ್ದೀರಿ. ನೀ ಎಷ್ಟು ಹಡೆದಿ ಎಂದು ನನ್ನನ್ನು ಒಬ್ಬರಾದರೂ ಕೇಳಿದ್ದೀರಾ? ನಿಮ್ಮ ಕೂಸುಗಳನ್ನು ತಂದು ನನ್ನ ತೊಡೆಯ ಮೇಲೆ ಹಾಕುತ್ತೀರಿ, ಹೆಸರಿಡಿ ಅನ್ನುತ್ತೀರಿ. ನನಗೆ ಮಕ್ಕಳಿಲ್ಲದಿದ್ದರೆ ಅದು ವೈರಾಗ್ಯ, ಅವಳಿಗೆ ಇಲ್ಲದಿದ್ದರೆ ಅದು ಅಪಶಕುನ. ಇದು ಯಾವ ಊರಿನ ನ್ಯಾಯ? ನನಗೆ ತಿಳಿದದ್ದರಲ್ಲಿ ಅರ್ಧ ಬಾಯಿಮಾತು. ಅವಳಿಗೆ ತಿಳಿದದ್ದು ಒಂದು ಕಡಗ ಕಲಿಸಿದ ವಿದ್ಯೆ.

ಶುರುವಿನಲ್ಲಿ ಒಂದು 'ಪಾಪ' ಕಟ್ಟಿಟ್ಟುಕೊಳ್ಳಿ ಅಂದಿದ್ದೆ. ಬಿಚ್ಚಿ ಈಗ. ಆ 'ಪಾಪ' ಯಾರಿಗೆ ಸಲ್ಲಬೇಕು? ಅವಳಿಗೋ, ಎದುರು ಮನೆಯಲ್ಲಿ ಅಂಥ ತಿಳಿವಳಿಕೆ ಇಟ್ಟುಕೊಂಡು ಎರಡು ವರ್ಷ ಅದನ್ನು ಅಟ್ಟದ ಮೇಲೆ ಕೂರಿಸಿದ ಓಣಿಗೋ?

ನಿಮ್ಮ ಓಣಿಯಲ್ಲೂ ಒಬ್ಬಳಿದ್ದಾಳೆ. ಒಬ್ಬನಿದ್ದಾನೆ. ಮಕ್ಕಳಿಲ್ಲದ ಟೀಚರು, ಮದುವೆಯಾಗದ ನರ್ಸು. ಅವರು ನಿಮ್ಮ ಕೂಸಿನ ಬಗ್ಗೆ ಒಂದು ಮಾತು ಹೇಳಲು ಬಾಯಿ ತೆರೆದು, ನಿಮ್ಮ ಮುಖ ನೋಡಿ, ನುಂಗಿಕೊಂಡಿದ್ದಾರೆ. ನಾಳೆ ನೀವಾಗಿ ಹೋಗಿ ಕೇಳಿ. ಮುಂದಿನ ತೊಟ್ಟಿಲಿಗೆ ಅವರನ್ನು ಮುಂದಿನ ಸಾಲಿಗೆ ಕರೆಯಿರಿ. ಕೂಸನ್ನು ಅವರ ಕೈಗೆ ಕೊಡಿ. ತೊಡೆಯ ಮೇಲೆ ಕೂರಿಸಿಕೊಂಡು ಕಾರಿನಲ್ಲಿ ಹೋಗುವುದು ಪ್ರೀತಿ ಎಂದು ಇನ್ನು ಮೇಲೆ ಅನ್ನಬೇಡಿ. ಸಾವ್ಕಾರನ ತೋಳು ನಿಮಗಿಲ್ಲ. ಅವನ ತೋಳಿನಲ್ಲೇ ಆರು ಕಿಲೋ ನಿಲ್ಲಲಿಲ್ಲ.

ಇನ್ನೊಂದು ಮಾತು. ಬೆಳಗ್ಗೆ ಬರುವಾಗ ಹೊರಗೆ ನಿಂತ ನಿಮ್ಮ ಗಾಡಿಗಳೊಳಗೆ ಇಣುಕಿದೆ. ಸ್ವಾಮಿಗಳಿಗೆ ಇಣುಕುವ ಚಟ ಎಂದು ಬೇಕಾದರೆ ಅನ್ನಿ. ಒಂದರಲ್ಲೂ ಹಿಂದಿನ ಬಕಲು ಕಾಣಲಿಲ್ಲ. ಆಮೇಲೆ ಮಠದ ಗಾಡಿಯ ಬಾಗಿಲು ತೆರೆದು ನೋಡಿದೆ. ನಾನು ಆರು ವರ್ಷದಿಂದ ಕೂರುವ ಸೀಟಿನ ಕವರು. ಕೆಂಪು ದಾರವಿಲ್ಲ, ಜೋಡಿ ಹೊಲಿಗೆಯಿಲ್ಲ, ಸೀಳೂ ಇಲ್ಲ. ಬಕಲು ಕೆಳಗೇ ಇದೆ. ಅದರ ಮೇಲೆ ಕೂತೇ ನಾನು ಊರೂರಿಗೆ ಹೋಗಿ ಧರ್ಮ ಹೇಳಿ ಬಂದಿದ್ದೇನೆ.

ಅಡುಗೆ ಮನೆಯವರೇ, ಹೋಳಿಗೆಯನ್ನು ಮುಚ್ಚಿಡಿ. ಯಾರಲ್ಲಾದರೂ ಕತ್ತರಿ ಇದ್ದರೆ ಕೊಡಿ. ಮೊದಲು ಮಠದ ಗಾಡಿ. ಆಮೇಲೆ ನಿಮ್ಮವು, ಒಂದೊಂದಾಗಿ. ಪ್ರಸಾದ ಆಮೇಲೆ. ಏಳಿ.